ಚುಕ್ಕಿಯಿಟ್ಟು ಬಿಗಿ ಬಿಡಿಸುವ ಬೆಳಕು

ಸುಟ್ಟ ಗಾಯಕ್ಕೆ ತೊಡೆಯ ಚರ್ಮ ತೆಗೆದು ಹಾಕಿಸಿಕೊಂಡವರ ಕೈಯನ್ನು ಹತ್ತಿರದಿಂದ ನೋಡಿದ್ದೀರಾ? ಎಷ್ಟೋ ಜನರಲ್ಲಿ ಮೀನಿನ ಬಲೆಯ ಕಣ್ಣುಗಳಂಥ ಗುರುತು ಇರುತ್ತದೆ. ಸುಟ್ಟ ಜಾಗ ದೊಡ್ಡದು, ತೆಗೆಯಲು ಸಿಗುವ ಒಳ್ಳೆಯ ಚರ್ಮ ಕಡಿಮೆ. ಅದಕ್ಕೆ ತೆಳುವಾಗಿ ಹೆರೆದ ಚರ್ಮವನ್ನು ಒಂದು ಯಂತ್ರದಲ್ಲಿ ಹಾಯಿಸಿ ಸಾಲುಸಾಲು ಸಣ್ಣ ಸೀಳು ಮಾಡುತ್ತಾರೆ. ಆಗ ಅದು ಬಲೆಯ ಹಾಗೆ ಹಿಗ್ಗಿ ಒಂದೂವರೆ ಪಟ್ಟು, ಕೆಲವೊಮ್ಮೆ ಮೂರು ಪಟ್ಟು ಜಾಗ ಮುಚ್ಚುತ್ತದೆ. ಬಲೆಯ ಕಣ್ಣುಗಳು ಆಮೇಲೆ ತಾವಾಗಿ ತುಂಬಿಕೊಳ್ಳುತ್ತವೆ. ಗುರುತು ಮಾತ್ರ ಉಳಿಯುತ್ತದೆ.

"ಗಾಯ ಮಾಯಿತಲ್ಲ, ಇನ್ನೇನು?" ಎಂದು ಮನೆಯವರು, ನೆಂಟರು ನಿಟ್ಟುಸಿರು ಬಿಡುವ ಹೊತ್ತಿಗೇ ಸುಟ್ಟುಕೊಂಡವರ ಎರಡನೆಯ ಕಷ್ಟ ಶುರುವಾಗುತ್ತದೆ. ಕೆಲವೇ ತಿಂಗಳಲ್ಲಿ ಕಲೆ ಕೆಂಪಾಗಿ ಉಬ್ಬುತ್ತದೆ, ಹಗ್ಗದಂತೆ ಗಟ್ಟಿಯಾಗುತ್ತದೆ. ನಿದ್ದೆ ಕೆಡಿಸುವಷ್ಟು ತುರಿಕೆ. ಮೊಣಕೈ ಪೂರ್ತಿ ಚಾಚಲು ಆಗುವುದಿಲ್ಲ. ಕುತ್ತಿಗೆ ಸುಟ್ಟಿದ್ದರೆ ತಲೆ ಮೇಲೆತ್ತುವುದೇ ಕಷ್ಟ. ತೆಳುವಾಗಿ ತೆಗೆದ ಚರ್ಮದ ಜೊತೆ ಬೆವರಿನ ಗ್ರಂಥಿಗಳು ಬಹುಮಟ್ಟಿಗೆ ಬರುವುದಿಲ್ಲ. ಹಾಗಾಗಿ ಕಸಿ ಮಾಡಿದ ಜಾಗ ಬೆವರುವುದಿಲ್ಲ, ಬೇಗ ಒಣಗುತ್ತದೆ. ಮೈಯ ದೊಡ್ಡ ಭಾಗಕ್ಕೆ ಕಸಿಯಾದವರಿಗೆ ಬೇಸಿಗೆ ನಿಜಕ್ಕೂ ಹಿಂಸೆ. ಇಂಥ ಕಲೆಯ ಬಿಗಿ ಬಿಡಿಸಲು ಈಗ ಲೇಸರ್ ಬೆಳಕೂ ನೆರವಿಗೆ ಬಂದಿದೆ.

ಒಳಗೆ ಏನಾಗಿರುತ್ತದೆ? ಚರ್ಮಕ್ಕೆ ಗಟ್ಟಿತನ ಕೊಡುವುದು ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು. ಮಾಮೂಲಿ ಚರ್ಮದಲ್ಲಿ ಇವು ಬುಟ್ಟಿ ಹೆಣೆದ ಹಾಗೆ ಅಡ್ಡಾದಿಡ್ಡಿ ಹೆಣೆದುಕೊಂಡಿರುತ್ತವೆ. ಅದಕ್ಕೇ ಎತ್ತ ಎಳೆದರೂ ಚರ್ಮ ಜಗ್ಗುತ್ತದೆ. ಉಬ್ಬಿದ ಕಲೆಯಲ್ಲಿ ಅವೇ ಎಳೆಗಳು ದಪ್ಪ ಕಟ್ಟುಗಳಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಜೊತೆಗೆ ಗಾಯದ ಅಂಚುಗಳನ್ನು ಎಳೆದು ಹತ್ತಿರ ತರುವ ಜೀವಕೋಶಗಳಿವೆ. ಗಾಯ ಮುಚ್ಚಿದ ಮೇಲೆ ಅವು ಸಾಯಬೇಕು. ಸುಟ್ಟ ಕಲೆಯಲ್ಲಿ ಅವು ಬಹುಕಾಲ ಉಳಿದು ಎಳೆಯುತ್ತಲೇ ಇರುತ್ತವೆ.

ಇದಕ್ಕೆ ಮೊದಲಿನಿಂದಲೂ ಇರುವ ಚಿಕಿತ್ಸೆ ಬಿಗಿಯಾದ ಒತ್ತಡದ ಉಡುಪು, ಸಿಲಿಕೋನ್ ಹಾಳೆ, ಎಣ್ಣೆ ಅಥವಾ ಕ್ರೀಮ್ ಹಚ್ಚಿ ತಿಕ್ಕುವುದು, ಕೀಲು ಮಡಚಿಕೊಳ್ಳದಂತೆ ಹಿಡಿಯುವ ಸ್ಪ್ಲಿಂಟ್ ಎಂಬ ಆಸರೆ ಕಟ್ಟುವುದು, ಫಿಸಿಯೋಥೆರಪಿ. ಆ ಉಡುಪನ್ನು ಸ್ನಾನದ ಹೊತ್ತು ಬಿಟ್ಟು ಹೆಚ್ಚುಕಡಿಮೆ ದಿನವಿಡೀ, ತಿಂಗಳುಗಟ್ಟಲೆ ಹಾಕಿರಬೇಕು. ನಮ್ಮ ಸೆಕೆಯಲ್ಲಿ ಅದನ್ನು ಬಿಡದೆ ಹಾಕಿಕೊಳ್ಳುವವರ ತಾಳ್ಮೆಗೆ ಕೈಮುಗಿಯಬೇಕು. ಲೇಸರ್ ಬಂದಿದೆ ಎಂದು ಇವನ್ನೆಲ್ಲ ಬಿಡುವ ಹಾಗಿಲ್ಲ. ಲೇಸರ್ ಇವುಗಳ ಜೊತೆಗೆ ಸೇರುತ್ತದೆ, ಅಷ್ಟೇ.

ಕಲೆಗೆ ಹೆಚ್ಚಾಗಿ ಬಳಸುವ ಲೇಸರ್‌ಗಳು ಎರಡು ಬಗೆ. ಒಂದು ಪಲ್ಸ್ಡ್ ಡೈ ಲೇಸರ್. ಇದರ 595 ನ್ಯಾನೋಮೀಟರ್ ಅಲೆಯುದ್ದದ ಹಳದಿ ಬೆಳಕನ್ನು ರಕ್ತದ ಹಿಮೋಗ್ಲೋಬಿನ್ ಹೀರಿಕೊಳ್ಳುತ್ತದೆ. ಕಲೆಗೆ ರಕ್ತ ಒದಗಿಸುವ ಸಣ್ಣ ನಾಳಗಳು ಬಿಸಿಯಾಗಿ ಮುಚ್ಚಿಹೋಗುತ್ತವೆ. ಇನ್ನೂ ಕೆಂಪಾಗಿರುವ, ತುರಿಸುವ ಹೊಸ ಕಲೆಗೆ ಇದು ಒಳ್ಳೆಯದು.

ಇನ್ನೊಂದರ ಕಥೆ ನನಗೆ ಬಹಳ ಇಷ್ಟ. ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್ 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ ಲೇಸರ್ ಕಂಡುಹಿಡಿದರು. ಕಣ್ಣಿಗೆ ಕಾಣದ ಅದರ ಕಿರಣವನ್ನು ನೀರು ಚೆನ್ನಾಗಿ ಹೀರಿಕೊಳ್ಳುತ್ತದೆ. ಚರ್ಮದ ತುಂಬ ನೀರೇ ಅಲ್ವಾ? ಕಿರಣ ಬಿದ್ದ ಜಾಗ ಕ್ಷಣದಲ್ಲಿ ಆವಿಯಾಗುತ್ತದೆ. ಮೊದಮೊದಲು ಚರ್ಮದ ಮೇಲ್ಪದರವನ್ನು ಪೂರ್ತಿ ಹೆರೆಯಲು ಇದನ್ನು ಬಳಸುತ್ತಿದ್ದರು. ಮಾಯಲು ವಾರಗಳು ಬೇಕಿತ್ತು, ಹೊಸ ಕಲೆಯಾಗುವ ಭಯವೂ ಇತ್ತು. 2004ರಲ್ಲಿ ಬಾಸ್ಟನ್ನಿನ ಡೀಟರ್ ಮ್ಯಾನ್‌ಸ್ಟೈನ್, ರಾಕ್ಸ್ ಆಂಡರ್ಸನ್ ಮತ್ತು ಸಂಗಡಿಗರು ಬೇರೊಂದು ಲೇಸರ್ ಬಳಸಿ ಹೊಸ ದಾರಿ ತೋರಿಸಿದರು. ಚರ್ಮವನ್ನು ಇಡಿಯಾಗಿ ಸುಡಬೇಡಿ, ಚುಕ್ಕಿ ಚುಕ್ಕಿಯಾಗಿ ಮುಟ್ಟಿ ಎಂಬುದು ಅವರ ವಿಚಾರ. ಆಮೇಲೆ ಅದೇ ಉಪಾಯ ಕಾರ್ಬನ್ ಡೈಆಕ್ಸೈಡ್ ಲೇಸರ್‌ಗೂ ಬಂತು.

ಅಂಗಳದಲ್ಲಿ ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ ಯಂತ್ರ ಕಲೆಯ ಮೇಲೆ ಸಣ್ಣ ತೂತುಗಳ ಸಾಲು ಮಾಡುತ್ತದೆ. ಒಂದೊಂದೂ ಕೂದಲಿಗಿಂತ ಸ್ವಲ್ಪ ಅಗಲ. ಕಲೆ ದಪ್ಪವಿದ್ದರೆ ಎರಡು ಮೂರು ಮಿಲಿಮೀಟರ್ ಆಳಕ್ಕೂ ಇಳಿಯುತ್ತದೆ. ಬಹುಪಾಲು ಚರ್ಮವನ್ನು ಕಿರಣ ಮುಟ್ಟುವುದೇ ಇಲ್ಲ. ಗುಟ್ಟು ಇರುವುದು ಅಲ್ಲೇ. ಸುತ್ತಲಿನ ಜೀವಂತ ಚರ್ಮದಿಂದ ಹೊಸ ಕೋಶಗಳು ಬಂದು ಕೆಲವೇ ದಿನಗಳಲ್ಲಿ ತೂತು ಮುಚ್ಚುತ್ತವೆ. ಮೇಲೆ ಮುಚ್ಚಿದರೂ ಒಳಗಿನ ಕೆಲಸ ತಿಂಗಳುಗಟ್ಟಲೆ ನಡೆಯುತ್ತದೆ. ಹಳೆಯ ಕೊಲಾಜನ್ ಕಟ್ಟುಗಳನ್ನು ಕರಗಿಸುವ ಕಿಣ್ವಗಳು ಹೆಚ್ಚುತ್ತವೆ, ಹೊಸ ಎಳೆಗಳು ತೆಳ್ಳಗೆ ಬೆಳೆಯುತ್ತವೆ. ತೂತುಗಳಿಂದ ಇನ್ನೊಂದು ಲಾಭವೂ ಇದೆ. ಗಟ್ಟಿ ಕಲೆಗೆ ಅದನ್ನು ಮೆತ್ತಗಾಗಿಸುವ ಸ್ಟೀರಾಯ್ಡ್ ಔಷಧಿ ಚುಚ್ಚುವುದು ಬಹಳ ನೋವು. ಈಗ ಲೇಸರ್ ಆದ ಕೂಡಲೇ ಔಷಧಿಯನ್ನು ಮೇಲೆ ಹನಿಸಿದರೆ ತೂತುಗಳ ಮೂಲಕ ಒಳಗೆ ಇಳಿಯುತ್ತದೆ.

ಇರಾಕ್, ಅಫ್ಘಾನಿಸ್ತಾನ ಯುದ್ಧಗಳಲ್ಲಿ ಗಾಯಗೊಂಡ ಅಮೆರಿಕದ ಸೈನಿಕರ ಚಿಕಿತ್ಸೆಯಲ್ಲಿ ಈ ವಿಧಾನ ಬಹಳ ಬಳಕೆಗೆ ಬಂತು. ಈ ಅನುಭವವಿದ್ದ ವೈದ್ಯರ ಒಂದು ಗುಂಪು 2014ರಲ್ಲಿ ಜಂಟಿ ವರದಿ ಬರೆದು, ಕಲೆಯ ಚಿಕಿತ್ಸೆಯಲ್ಲಿ ಇದಕ್ಕೆ ಮುಖ್ಯ ಜಾಗ ಸಿಗಬೇಕು ಎಂದಿತು. ಎಲ್ಲ ಪ್ರಯೋಗಗಳೂ ಒಂದೇ ಉತ್ತರ ಕೊಟ್ಟಿಲ್ಲ ಎಂಬುದನ್ನೂ ಹೇಳಬೇಕು. ಆದರೆ ತುರಿಕೆ, ನೋವು, ಬಿಗಿತ ಕಡಿಮೆಯಾಯಿತು ಎಂದು ಹೇಳುವ ರೋಗಿಗಳು ಬಹಳ.

ನಮ್ಮಂಥ ಕಂದು ಮೈಬಣ್ಣದವರಿಗೆ ಒಂದು ಎಚ್ಚರಿಕೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ಪಲ್ಸ್ಡ್ ಡೈ ಲೇಸರ್‌ನ ಹಳದಿ ಬೆಳಕನ್ನು ಹೀರುತ್ತದೆ. ಕಾರ್ಬನ್ ಡೈಆಕ್ಸೈಡ್ ಲೇಸರ್ ಹುಡುಕುವುದು ನೀರನ್ನು, ಬಣ್ಣವನ್ನಲ್ಲ. ಆದರೂ ಅದರ ಬಿಸಿಗೆ ಚರ್ಮ ಕಪ್ಪಾಗಬಹುದು. ಅದಕ್ಕೇ ತಿಳಿದ ವೈದ್ಯರು ಶಕ್ತಿ ಕಡಿಮೆ ಇಟ್ಟು, ಚುಕ್ಕಿಗಳನ್ನು ದೂರ ದೂರ ಇಡುತ್ತಾರೆ. ಬಿಸಿಲು ತಾಗದಂತೆ ನೋಡಿಕೊಳ್ಳಲು ಹೇಳುತ್ತಾರೆ. ಸುಟ್ಟ ಕಲೆಗಳನ್ನು ನೋಡಿ ಅಭ್ಯಾಸವಿರುವ ಪ್ಲಾಸ್ಟಿಕ್ ಸರ್ಜನ್ ಅಥವಾ ಚರ್ಮವೈದ್ಯರ ಬಳಿಗೇ ಹೋಗಿ. ಬ್ಯೂಟಿ ಪಾರ್ಲರಿನ ಪಕ್ಕದ ಲೇಸರ್ ಅಂಗಡಿಗೆ ದಯವಿಟ್ಟು ಬೇಡ.

ಕಲೆ ಪೂರ್ತಿ ಅಳಿಸಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಲೆಯ ಗುರುತು ಮಸುಕಾಗಬಹುದು, ಮಾಯವಾಗುವುದಿಲ್ಲ. ಕೀಲು ಪೂರ್ತಿ ಮಡಚಿ ಕೂತಿದ್ದರೆ ಲೇಸರ್ ಸಾಲದು, ಶಸ್ತ್ರಚಿಕಿತ್ಸೆಯಿಂದ ಬಿಡಿಸಲೇಬೇಕು. ಒಂದೇ ಸಲಕ್ಕೆ ಮುಗಿಯುವ ಕೆಲಸವೂ ಅಲ್ಲ. ಒಂದೆರಡು ಅಥವಾ ಮೂರು ತಿಂಗಳಿಗೊಮ್ಮೆ, ಮೂರರಿಂದ ಆರು ಸಲ, ಕೆಲವರಿಗೆ ಇನ್ನೂ ಜಾಸ್ತಿ. ದೊಡ್ಡವರಿಗೆ ಮರಗಟ್ಟಿಸುವ ಮುಲಾಮು ಸಾಕಾಗಬಹುದು, ಮಕ್ಕಳಿಗೆ ಎಷ್ಟೋ ಸಲ ಅರಿವಳಿಕೆಯೇ ಬೇಕು. ಇಷ್ಟೆಲ್ಲ ಖರ್ಚು, ಓಡಾಟದ ಈ ಚಿಕಿತ್ಸೆಯನ್ನು ಸುಮ್ನೆ "ಸೌಂದರ್ಯಕ್ಕಾಗಿ" ಎಂದು ತಳ್ಳಿಹಾಕುವುದನ್ನು ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ಅನ್ನ ಕಲಸಲು ಬೆರಳು ಮಡಚಬೇಕು. ಜಡೆ ಹೆಣೆಯಲು ತೋಳು ಎತ್ತಬೇಕು. ಅದು ಸೌಂದರ್ಯವಾ?

ಲೇಸರ್ ಆದ ಒಂದೆರಡು ದಿನ ಚುಕ್ಕಿಗಳಿಂದ ನೀರು, ಸ್ವಲ್ಪ ರಕ್ತ ಒಸರುತ್ತದೆ. ವ್ಯಾಸಲಿನ್‌ನಂಥ ಮುಲಾಮು ಹಚ್ಚಿ ಒಣಗದಂತೆ ಇಡುತ್ತಾರೆ. ಮೇಲ್ಪದರ ಮುಚ್ಚಿ ವೈದ್ಯರು ಹೇಳಿದ ಮೇಲೆ ಮತ್ತೆ ಒತ್ತಡದ ಉಡುಪು, ಮತ್ತೆ ಬೆರಳು ಮಡಚಿ ಚಾಚುವ ಅಭ್ಯಾಸ. ಕಲೆ ಸಡಿಲಾಗುತ್ತಿರುವ ಈ ವಾರಗಳಲ್ಲೇ ಫಿಸಿಯೋಥೆರಪಿಸ್ಟ್ ಮೊಣಕೈಯನ್ನು ಮೊದಲಿಗಿಂತ ಸ್ವಲ್ಪ ಹೆಚ್ಚು ಬಿಡಿಸಿ ನೋಡುತ್ತಾರೆ.