ಮೈಕ್ ನಿಲ್ಲಿಸಿದರೂ ಪುಸ್ತಕ ತುಂಬುತ್ತಲೇ ಇರುತ್ತದೆ

ಕಳೆದ ವಾರವೂ ಒಂದು ಫೋಟೋ ಬಂತು. ಲ್ಯಾಪ್‌ಟಾಪ್ ಪರದೆಗೆ ಮೊಬೈಲನ್ನು ಓರೆಯಾಗಿ ಹಿಡಿದು ತೆಗೆದದ್ದು. ಲಿನಕ್ಸ್‌ನ ತಿರುಳಾದ ಕರ್ನೆಲ್ ಬರೆದಿಟ್ಟ ಸಂದೇಶಗಳನ್ನು ತೋರಿಸುವ ಡಿಮೆಸೇಜ್‌ನ ಕೊನೆಯ ಇಪ್ಪತ್ತೈದು ಸಾಲು. ಇಪ್ಪತ್ತೈದೂ ಒಂದೇ ಸಾಲು, ಎಡಗಡೆಯ ಸಮಯ ಮಾತ್ರ ಬೇರೆ ಬೇರೆ. ಕೆಳಗೆ, "ಸರ್, ಏನಾಗಿದೆ ಸ್ವಲ್ಪ ನೋಡಿ." ಏನಾಗಿದೆ ಎಂದು ಹೇಳಬೇಕಾದ ಸಾಲು ಅದರಲ್ಲಿಲ್ಲ. ಅದು ಯಾವಾಗಲೋ ಅಳಿಸಿಹೋಗಿದೆ, ಅಳಿಸಿದ್ದು ಈ ಇಪ್ಪತ್ತೈದು ಸಾಲುಗಳೇ.

ಬೋರ್ಡುಗಳ ಮೇಲೆ ಲಿನಕ್ಸ್ ಕರ್ನೆಲ್ ಓಡಿಸುವುದು, ಹಾರ್ಡ್‌ವೇರನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶ ಬರೆಯುವುದು, ಅದಕ್ಕಿಂತ ಹೆಚ್ಚಾಗಿ ಬೇರೆಯವರು ಬರೆದ ಡ್ರೈವರ್ ರಿಪೇರಿ ಮಾಡುವುದು ನನ್ನ ಕೆಲಸ. ಬೆಂಗಳೂರಿನಲ್ಲಿ ಈ ಕಸುಬಿನವರಿಗೆ ಬರವಿಲ್ಲ. ಆದ್ದರಿಂದ ಕರ್ನೆಲ್ ತನ್ನ ಸಂದೇಶ ಬರೆಯಲು ಬಳಸುವ ಪ್ರಿಂಟ್‌ಕೆ ಎಂದರೇನು, ಸಂದೇಶ ಎಷ್ಟು ಗಂಭೀರ ಎಂದು ಹೇಳುವ, ಸೊನ್ನೆಯಿಂದ (ಅತಿ ಗಂಭೀರ) ಏಳರವರೆಗಿನ ಎಂಟು ಲೆವೆಲ್‌ಗಳು ಯಾವುವು ಎಂದು ಇಲ್ಲಿ ಬರೆಯುವುದಿಲ್ಲ. ಓದುವವರಿಗೆ ಅದು ಗೊತ್ತು. ಗೊತ್ತಿದ್ದೂ ಒಂದು ವಿಷಯದಲ್ಲಿ ಮಾತ್ರ ಎಲ್ಲರೂ ಎಡವುತ್ತಾರೆ, ಹತ್ತು ವರ್ಷ ಅನುಭವ ಇದ್ದವರೂ ಕೂಡ. ಅದೊಂದನ್ನೇ ಇವತ್ತು ಬಿಡಿಸಿ ಹೇಳುತ್ತೇನೆ.

ನಮ್ಮ ಕಡೆ ಮದುವೆಯಲ್ಲಿ ಮುಯ್ಯಿ ಬರೆಯಲು ಒಬ್ಬರು ಕೂರುತ್ತಾರಲ್ಲ, ಅದನ್ನು ನೆನಪಿಸಿಕೊಳ್ಳಿ. ನೂರೊಂದು ಕೊಟ್ಟವರ ಹೆಸರೂ ಪುಸ್ತಕಕ್ಕೆ ಹೋಗುತ್ತದೆ, ಹತ್ತು ಸಾವಿರ ಕೊಟ್ಟವರದೂ ಹೋಗುತ್ತದೆ. ಪಕ್ಕದಲ್ಲಿ ಮೈಕ್ ಇರುತ್ತದೆ. ಅದರಲ್ಲಿ ಕೂಗುವುದು ದೊಡ್ಡ ಮೊತ್ತದ ಹೆಸರುಗಳನ್ನು ಮಾತ್ರ. "ಸಾವಿರಕ್ಕಿಂತ ಕಡಿಮೆಯದು ಕೂಗಬೇಡ" ಎಂದು ಮನೆಯ ಯಜಮಾನರು ಹೇಳಿದರೆ ಮೈಕ್ ತಣ್ಣಗಾಗುತ್ತದೆ. ಪುಸ್ತಕ ಬರೆಯುವವನಿಗೆ ಅದರಿಂದ ಒಂದು ಅಕ್ಷರವೂ ಕಡಿಮೆಯಾಗುವುದಿಲ್ಲ.

ಕರ್ನೆಲ್‌ನಲ್ಲಿ ಮೈಕ್ ಎಂದರೆ ಕನ್ಸೋಲ್, ಅಂದರೆ ಸಂದೇಶ ಆಗಿಂದಾಗಲೇ ಹೊರಬೀಳುವ ಪರದೆ ಅಥವಾ ಸೀರಿಯಲ್ ಪೋರ್ಟ್. ಪುಸ್ತಕ ಎಂದರೆ ರಿಂಗ್ ಬಫರ್, ಅಂದರೆ ಸಂದೇಶಗಳನ್ನು ಕೂಡಿಡುವ ನಿಗದಿತ ಗಾತ್ರದ ಮೆಮೊರಿ; ಡಿಮೆಸೇಜ್ ತೋರಿಸುವುದು ಇದನ್ನೇ. ಯಂತ್ರ ಶುರುವಾಗುವಾಗ ಕರ್ನೆಲ್‌ಗೆ ಕೊಡುವ ಆಯ್ಕೆಗಳ ಸಾಲಿನಲ್ಲಿ, ಅಂದರೆ ಬೂಟ್ ಸಾಲಿನಲ್ಲಿ, ನೀವು ಬರೆಯುವ ಲಾಗ್‌ಲೆವೆಲ್, 'ಕ್ವಯಟ್', ಡಿಮೆಸೇಜ್‌ಗೆ ಕೊಡುವ 'ಎನ್' ಆಯ್ಕೆ, ಎಲ್ಲವೂ ಮೈಕಿಗೆ ಸಂಬಂಧಿಸಿದವು. ಪುಸ್ತಕಕ್ಕೆ ಅವು ಅನ್ವಯಿಸುವುದೇ ಇಲ್ಲ. ಆದರೆ ಈ ಪುಸ್ತಕಕ್ಕೂ ಮುಯ್ಯಿ ಪುಸ್ತಕಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ: ಹಾಳೆ ಮುಗಿದಾಗ ಹೊಸ ಪುಸ್ತಕ ತರಿಸುವುದಿಲ್ಲ, ಮೊದಲ ಹಾಳೆಯ ಮೇಲೇ ಬರೆಯಲು ಶುರುಮಾಡುತ್ತದೆ. ಹಾಗೆ ಮೊದಲು ಅಳಿಯುವುದು ಮೊದಲು ನಡೆದದ್ದರ ದಾಖಲೆ. ನಮಗೆ ಬೇಕಾದದ್ದು ಬಹುಮಟ್ಟಿಗೆ ಅದೇ.

ಇಷ್ಟು ಹೇಳಿದಾಗ ಎಲ್ಲರೂ "ಹೌದು ಸರ್, ಗೊತ್ತು" ಎನ್ನುತ್ತಾರೆ. ಹಾಗೆ ಗೊತ್ತಿದ್ದವರ ಒಂದು ಕಥೆ ಹೇಳುತ್ತೇನೆ.

ಹಳ್ಳಿಯ ಹಾಲಿನ ಡೈರಿಯಲ್ಲಿ ಇಡುವ ಒಂದು ಯಂತ್ರ. ತೂಕ ತೆಗೆದುಕೊಳ್ಳುತ್ತದೆ, ಫ್ಯಾಟ್ ನೋಡುತ್ತದೆ, ಚೀಟಿ ಮುದ್ರಿಸಿ ಕೊಡುತ್ತದೆ. ಒಳಗೆ ಒಂದೇ ಕೋರ್‌ನ ಪುಟ್ಟ ಬೋರ್ಡು, ಅದರಲ್ಲಿ ಹಳೆಯ ಲಿನಕ್ಸ್. ಬೆಳಗ್ಗೆ ಆರಕ್ಕೆ ಕ್ಯಾನ್ ಹಿಡಿದು ಸಾಲು ನಿಂತಾಗ ಒಬ್ಬೊಬ್ಬರ ತೂಕವೇ ಬರುವುದಿಲ್ಲ, ಅಥವಾ ಅಂಕಿಗಳಲ್ಲಿ ಒಂದು ಮಾಯ. ಡೈರಿಯ ಮುಂದೆ ತೂಕದ ವಿಷಯಕ್ಕೆ ಜಗಳವಾದರೆ ಹೇಗಿರುತ್ತದೆ ಎಂದು ಹಳ್ಳಿಯವರಿಗೆ ಹೇಳಬೇಕಾಗಿಲ್ಲ. ಯಂತ್ರ ಮಾಡಿದವರು ತಕ್ಕಡಿ ಕೊಟ್ಟವರನ್ನು ಬೈದರು. ತಕ್ಕಡಿಯವರು ಕೇಬಲ್ ಬದಲಿಸಿದರು. ಎರಡು ವಾರ ಕೇಬಲ್ಲಿನ ಮೇಲೇ ಹೋಯಿತು.

ನನ್ನ ಮೇಜಿಗೆ ಬಂದ ದಿನ ಸೀರಿಯಲ್ ಕೇಬಲ್ ಸಿಕ್ಕಿಸಿ ನೋಡಿದೆ. ಟಚ್ ಪರದೆಯ ಡ್ರೈವರ್ ಆಗಾಗ ಕಿರುಚುತ್ತಿತ್ತು: ಓದಲು ಆಗಲಿಲ್ಲ, ಓದಲು ಆಗಲಿಲ್ಲ, ಓದಲು ಆಗಲಿಲ್ಲ. ಸೆಕೆಂಡಿಗೆ ನೂರು ಸಲ ಪರದೆಯನ್ನು ಕೇಳುವ ಡ್ರೈವರ್ ಅದು. ಉತ್ತರ ಬಾರದ ಪ್ರತಿ ಸಲವೂ ಎರರ್ ಲೆವೆಲ್‌ನಲ್ಲಿ ಒಂದು ಸಾಲು. ಸೀರಿಯಲ್ ಪೋರ್ಟಿನ ವೇಗ 1,15,200 ಬಾಡ್. ಒಂದು ಅಕ್ಷರಕ್ಕೆ ಹತ್ತು ಬಿಟ್ ಹಿಡಿದರೆ ಸೆಕೆಂಡಿಗೆ 11,520 ಅಕ್ಷರ. ಎಂಬತ್ತು ಅಕ್ಷರದ ಸಾಲಿಗೆ ಸುಮಾರು 7 ಮಿಲಿಸೆಕೆಂಡ್. ನೂರು ಸಾಲಿಗೆ 700 ಮಿಲಿಸೆಕೆಂಡ್. ಅಂದರೆ ಆ ಹೊತ್ತಿನಲ್ಲಿ ಪ್ರೊಸೆಸರ್ ತನ್ನ ಹತ್ತರಲ್ಲಿ ಏಳು ಪಾಲು ಸಮಯವನ್ನು ಗೋಳು ಹೇಳಿಕೊಳ್ಳುವುದಕ್ಕೇ ಕಳೆಯುತ್ತಿತ್ತು. ಆ ಕರ್ನೆಲ್‌ನಲ್ಲಿ ಸಾಲು ಹೊರಹೋಗುವವರೆಗೆ ಇಂಟರಪ್ಟ್, ಅಂದರೆ ಸಾಧನಗಳು ಪ್ರೊಸೆಸರನ್ನು ಕರೆಯುವ ದಾರಿ, ಮುಚ್ಚಿರುತ್ತದೆ. ಇನ್ನೊಂದು ಪೋರ್ಟಿನಲ್ಲಿ ಅಷ್ಟೇ ವೇಗದಲ್ಲಿ ತಕ್ಕಡಿಯ ಅಂಕಿಗಳು ಬರುತ್ತಿರುತ್ತವೆ. ಬಂದ ಬೈಟುಗಳು ಕಾಯುವ ಅಲ್ಲಿನ ಫಿಫೋದಲ್ಲಿ ಜಾಗ ಇರುವುದು 16 ಬೈಟಿಗೆ, ತುಂಬಲು ಒಂದೂವರೆ ಮಿಲಿಸೆಕೆಂಡ್ ಸಾಕು. ಏಳು ಮಿಲಿಸೆಕೆಂಡ್ ಯಾರೂ ಬಂದು ಎತ್ತಿಕೊಳ್ಳದಿದ್ದರೆ ಉಳಿದದ್ದು ಚೆಲ್ಲಿಹೋಗುತ್ತದೆ. ತಕ್ಕಡಿ ಪಾಪ, ಸರಿಯಾಗಿಯೇ ತೂಗುತ್ತಿತ್ತು.

ಇಲ್ಲಿ ಒಬ್ಬ ಹುಡುಗ ಒಳ್ಳೆಯ ಪ್ರಶ್ನೆ ಕೇಳಿದ. "ಸರ್, ಡೈರಿಯಲ್ಲಿ ಸೀರಿಯಲ್ ಕೇಬಲ್ಲೇ ಹಾಕಿಲ್ಲವಲ್ಲ, ಯಾರಿಗೆ ಪ್ರಿಂಟ್ ಆಗುತ್ತೆ?" ಯಾರಿಗೂ ಅಲ್ಲ ಮಾರಾಯ. ಬೂಟ್ ಸಾಲಿನಲ್ಲಿ ಕನ್ಸೋಲ್ ಎಂದು ಆ ಪೋರ್ಟಿನ ಹೆಸರು ಬರೆದಿಟ್ಟ ಮೇಲೆ, ಆ ಕಡೆ ಕೇಳುವವರು ಇದ್ದಾರೋ ಇಲ್ಲವೋ ಎಂದು ಅದು ನೋಡುವುದಿಲ್ಲ. ಪೆಟ್ಟಿಗೆಯೊಳಗೆ ಬರಿಯ ಪಿನ್ನಿನ ಮೇಲೆ ಅಷ್ಟನ್ನೂ ಒದರುತ್ತಲೇ ಇರುತ್ತದೆ.

ಇದನ್ನು ಬರೆದುಕೊಟ್ಟೆ. ಜೊತೆಗೆ ಡ್ರೈವರಿನಲ್ಲಿ ಆ ಸಾಲನ್ನು ತಿದ್ದಬೇಕು ಎಂದೂ ಬರೆದಿದ್ದೆ. ಅವರು ಮೊದಲನೆಯದನ್ನು ಓದಿ, ಎರಡನೆಯದನ್ನು ಬಿಟ್ಟು, ಬೂಟ್ ಸಾಲಿನಲ್ಲಿ ಲಾಗ್‌ಲೆವೆಲ್ 3 ಎಂದು ಹಾಕಿದರು. ಆ ಸಂಖ್ಯೆಗಿಂತ ಕೆಳಗಿನವು ಮಾತ್ರ ಕನ್ಸೋಲಿಗೆ ಹೋಗುವುದರಿಂದ, ಮೂರನೆಯ ಲೆವೆಲ್ ಆದ ಎರರ್ ಕೂಡ ಬಾಯಿ ಮುಚ್ಚಿತು. ತೂಕ ಸರಿಯಾಗಿ ಬಂತು. ಎಲ್ಲರಿಗೂ ಖುಷಿ. ನನಗೆ ಥ್ಯಾಂಕ್ಸ್ ಎಂದು ಮೆಸೇಜ್ ಬಂತು, ಜೊತೆಗೆ ಒಂದು ಲೀಟರ್ ತುಪ್ಪವೂ.

ಮೂರು ವಾರಕ್ಕೆ ಫೋನ್. ಈಗ ಟಚ್ ಪರದೆಯೇ ನಡುನಡುವೆ ಸತ್ತುಹೋಗುತ್ತಿದೆ. ಡಿಮೆಸೇಜ್ ಕಳಿಸಿದ್ದಾರೆ. ತೆರೆದರೆ ಮೇಲಿಂದ ಕೆಳಗಿನವರೆಗೆ ಅದೇ ಸಾಲು. "ಸರ್, ಲೆವೆಲ್ ಕಡಿಮೆ ಮಾಡಿದ್ವಲ್ಲ, ಇನ್ನೂ ಯಾಕೆ ಬರ್ತಿದೆ?"

ಮೈಕ್ ನಿಲ್ಲಿಸಿದ್ದೀರಿ ಸ್ವಾಮಿ. ಪುಸ್ತಕ ತುಂಬುತ್ತಲೇ ಇದೆ.

ಆ ಬೋರ್ಡಿನ ಬಫರ್ 128 ಕಿಲೋಬೈಟ್. ಎಂಬತ್ತು ಅಕ್ಷರದ ಸಾಲಾದರೆ ಹೆಚ್ಚೂಕಡಿಮೆ 1,600 ಸಾಲು. ಸೆಕೆಂಡಿಗೆ ನೂರರಂತೆ ಹದಿನಾರು ಸೆಕೆಂಡ್. ಪರದೆ ಕೆಟ್ಟ ಹದಿನಾರನೇ ಸೆಕೆಂಡಿಗೆ, ಅದು ಕೆಡುವ ಮುಂಚೆ ಏನಾಯಿತು ಎಂಬುದರ ಕುರುಹೇ ಇರುವುದಿಲ್ಲ. ಡೈರಿಯ ಕಾರ್ಯದರ್ಶಿ ಯಾರಿಗೋ ಫೋನ್ ಮಾಡಿ, ಅವರು ಬೈಕ್ ಹತ್ತಿ ಬಂದು ಲಾಗ್ ತೆಗೆಯುವ ಹೊತ್ತಿಗೆ ಪುಸ್ತಕ ಎಷ್ಟು ಸುತ್ತು ತಿರುಗಿರುತ್ತದೋ ಲೆಕ್ಕ ಹಾಕಿ.

ಕೊನೆಗೆ ನಾನೇ ಆ ಸಾಲನ್ನು ತಿದ್ದಿದೆ. ಕರ್ನೆಲ್‌ನಲ್ಲಿ ಇದಕ್ಕೆ ರೇಟ್‌ಲಿಮಿಟ್ ಎಂಬ ಸಿದ್ಧ ಉಪಾಯವಿದೆ, ಎಲ್ಲರೂ ಮೊದಲು ಕೈಹಾಕುವುದು ಅದಕ್ಕೇ. ಸಾಮಾನ್ಯವಾಗಿ ಐದು ಸೆಕೆಂಡಿಗೆ ಹತ್ತು ಸಾಲು ಬಿಟ್ಟು, ಉಳಿದದ್ದನ್ನು ನುಂಗಿ, ಇಷ್ಟು ನುಂಗಿದೆ ಎಂದು ಆಮೇಲೆ ಒಂದು ಲೆಕ್ಕ ಕೊಡುತ್ತದೆ. ಏನೂ ಇಲ್ಲದಿರುವುದಕ್ಕಿಂತ ವಾಸಿ. ಆದರೂ ನನಗೆ ಅದರ ಮೇಲೆ ಪೂರ್ತಿ ನಂಬಿಕೆಯಿಲ್ಲ: ಸೆಕೆಂಡಿಗೆ ಎರಡರಂತೆ ಅದೇ ಬಫರ್ ಹದಿಮೂರು ನಿಮಿಷಕ್ಕೆ ತುಂಬುತ್ತದೆ. ರಾತ್ರಿ ಕೆಟ್ಟು ಬೆಳಗ್ಗೆ ನೋಡುವ ಯಂತ್ರಕ್ಕೆ ಹದಿಮೂರು ನಿಮಿಷ ಯಾವ ಲೆಕ್ಕ? ಹಾಗಾಗಿ ಸ್ಥಿತಿ ಬದಲಾದಾಗ ಮಾತ್ರ ಬರೆಯುವಂತೆ ಮಾಡಿದೆ. ಸರಿಯಿದ್ದದ್ದು ಕೆಟ್ಟಾಗ ಒಂದು ಸಾಲು, ಮತ್ತೆ ಸರಿಯಾದಾಗ ಇನ್ನೊಂದು ಸಾಲು, ನಡುವೆ ಎಷ್ಟು ಸಲ ವಿಫಲವಾಯಿತು ಎಂಬುದಕ್ಕೆ ಒಂದು ಎಣಿಕೆ. ಎಲ್ಲ ಡ್ರೈವರಿಗೂ ಇದು ಒಗ್ಗುತ್ತದೆ ಎನ್ನಲಾರೆ. ನೆಟ್‌ವರ್ಕ್ ಕಡೆಯ ಕೆಲವು ಜಾಗಗಳಲ್ಲಿ ಕೆಟ್ಟದ್ದು ಯಾವುದು, ಸರಿಯಾದದ್ದು ಯಾವಾಗ ಎಂಬ ಗೆರೆಯೇ ಸ್ಪಷ್ಟವಿರುವುದಿಲ್ಲ. ಅಲ್ಲಿ ರೇಟ್‌ಲಿಮಿಟ್ಟೇ ಗತಿ.

ಮರುದಿನದ ಲಾಗ್‌ನಲ್ಲಿ ಕಾರಣ ಸಿಕ್ಕಿತು. ಟಚ್ ಕೆಡುವುದಕ್ಕೆ ಸ್ವಲ್ಪ ಮುಂಚೆ ಪವರ್ ಚಿಪ್ಪಿನ ಡ್ರೈವರ್ ಒಂದೇ ಒಂದು ಸಾಲು ಬರೆದಿತ್ತು: ವೋಲ್ಟೇಜ್ ಕುಸಿದಿದೆ ಎಂದು. ಚೀಟಿ ಮುದ್ರಿಸುವ ಥರ್ಮಲ್ ಪ್ರಿಂಟರ್ ಮತ್ತು ಟಚ್ ಪರದೆ ಒಂದೇ ಸಪ್ಲೈ ಮೇಲಿದ್ದವು. ಬೆಳಗ್ಗೆ ಒಂದರ ಹಿಂದೊಂದು ಚೀಟಿ ಹರಿಯುವಾಗ ಪರದೆಗೆ ಉಸಿರು ಕಟ್ಟುತ್ತಿತ್ತು. ಹಾರ್ಡ್‌ವೇರ್‌ನವರು ಸಪ್ಲೈ ಬೇರೆ ಮಾಡಿದರು. ಅದೇ ಸರಿಯಾದ ಮದ್ದೋ ಎಂದು ನನ್ನನ್ನು ಕೇಳಬೇಡಿ, ಅದು ಅವರ ಇಲಾಖೆ.

ಆ ಒಂದು ಸಾಲು ಮೂರು ವಾರ ಯಾಕೆ ಕಣ್ಣಿಗೆ ಬೀಳಲಿಲ್ಲ? ಅದನ್ನು ಬರೆದ ಪುಣ್ಯಾತ್ಮ ನಿಯಮ ಪಾಲಿಸುವವನು. ವಾರ್ನಿಂಗ್ ಎಂದು ನಾಲ್ಕನೇ ಲೆವೆಲ್‌ನಲ್ಲಿ, ಒಂದೇ ಸಲ ಬರೆದಿದ್ದ. ಯಂತ್ರದ ಬೂಟ್ ಸಾಲಿನಲ್ಲಿ ಮೊದಲಿನಿಂದಲೂ 'ಕ್ವಯಟ್' ಇತ್ತು, ಅದು ನಾಲ್ಕಕ್ಕಿಂತ ಕೆಳಗಿನದನ್ನಷ್ಟೇ ಮೈಕಿಗೆ ಬಿಡುತ್ತದೆ. ಹಾಗಾಗಿ ನನ್ನ ಮೇಜಿನ ಸೀರಿಯಲ್ ಕೇಬಲ್ಲಿನಲ್ಲೂ ಅದು ಕಾಣಲಿಲ್ಲ. ಪುಸ್ತಕದಲ್ಲಿ ಇತ್ತು, ಹದಿನಾರು ಸೆಕೆಂಡ್. ಟಚ್ ಡ್ರೈವರ್ ಬರೆದವನನ್ನು ಕೇಳಿದೆ: ಅದು ಎರರ್ ಹೇಗಪ್ಪಾ, ಮುಂದಿನ ಹತ್ತು ಮಿಲಿಸೆಕೆಂಡಿಗೆ ಮತ್ತೆ ಕೇಳುತ್ತೀಯಲ್ಲ? "ಎರರ್ ಅಂತ ಹಾಕಿದ್ರೆ ಗ್ಯಾರಂಟಿ ಕಾಣುತ್ತೆ ಅಂತ ಸರ್."

ನನಗೆ ಸಿಟ್ಟು ಬರುವುದು ಈ ಮಾತಿಗೆ. ಕೆಲಸ ನಡೆಯುವಾಗ ನಿಮ್ಮ ಪರದೆಯಲ್ಲಿ ಕಾಣಬೇಕಾದರೆ, ತೆರೆದಾಗ ಮಾತ್ರ ಬರೆಯುವ ಪಿಆರ್-ಡೀಬಗ್ ಹಾಕಿ, ಅದನ್ನು ತೆರೆಯುವ ಸೌಲಭ್ಯವಾದ ಡೈನಮಿಕ್ ಡೀಬಗ್‌ನಿಂದ ಆ ಒಂದು ಫೈಲನ್ನೋ ಒಂದು ಸಾಲನ್ನೋ ಮಾತ್ರ ತೆರೆದುಕೊಳ್ಳಿ. ತೆರೆಯದಿದ್ದರೆ ಅದು ಮೈಕಿಗೂ ಹೋಗುವುದಿಲ್ಲ, ಪುಸ್ತಕಕ್ಕೂ ಹೋಗುವುದಿಲ್ಲ. ಪುಸ್ತಕವನ್ನು ಉಳಿಸುವ ಸ್ವಿಚ್ ಇರುವುದು ಅಲ್ಲಿ. ಲಾಗ್‌ಲೆವೆಲ್ ಅದನ್ನು ಮಾಡಲಾರದು.

ಹೊಸ ಕರ್ನೆಲ್‌ಗಳಲ್ಲಿ ಇದೆಲ್ಲ ಸರಿಹೋಗಿದೆಯಲ್ಲವೇ ಎಂದು ಕೆಲವರು ವಾದಿಸುತ್ತಾರೆ. ಅರ್ಧ ನಿಜ. ಪ್ರಿಂಟ್‌ಕೆ 1991ರ ಮೊಟ್ಟಮೊದಲ ಲಿನಕ್ಸ್‌ನಲ್ಲೇ ಇತ್ತು. ಬಹುಕಾಲ ಅದರ ಸಮಸ್ಯೆ ಏನೆಂದರೆ, ಮೈಕ್ ಹಿಡಿದವನ ಕೈಗೆ ಉಳಿದವರೆಲ್ಲ ಚೀಟಿ ತುರುಕುತ್ತಿದ್ದರು. ತನ್ನದೊಂದು ಸಾಲು ಹೇಳಲು ಬಂದ ಪ್ರೊಸೆಸರ್, ಬೇರೆ ಪ್ರೊಸೆಸರುಗಳ ಸಾಲನ್ನೂ ಹೇಳುತ್ತಾ ನಿಂತುಬಿಡುತ್ತಿತ್ತು, ಕೆಲವೊಮ್ಮೆ ಸಾಫ್ಟ್ ಲಾಕಪ್ (ಪ್ರೊಸೆಸರ್ ಒಂದೇ ಕಡೆ ಸಿಕ್ಕಿಕೊಂಡಿದೆ) ಎಂದು ಕರ್ನೆಲ್ಲೇ ದೂರು ಕೊಡುವಷ್ಟು ಹೊತ್ತು. 2018ರಲ್ಲಿ ಮುಂದೆ ಬಂದವನಿಗೆ ಮೈಕ್ ದಾಟಿಸುವ ವ್ಯವಸ್ಥೆ ಬಂತು. 2020ರ 5.10 ಆವೃತ್ತಿಯಲ್ಲಿ ಬೀಗವಿಲ್ಲದ, ಅಂದರೆ ಬರೆಯುವವರು ಒಬ್ಬರಿಗೊಬ್ಬರು ಕಾಯಬೇಕಿಲ್ಲದ, ಹೊಸ ರಿಂಗ್ ಬಫರ್ ಬಂತು. ಗೊತ್ತಾದ ಸಮಯದೊಳಗೆ ಉತ್ತರ ಕೊಡಲೇಬೇಕಾದ ರಿಯಲ್‌ಟೈಮ್ ಲಿನಕ್ಸ್‌ನವರು ಸುಮಾರು ಇಪ್ಪತ್ತು ವರ್ಷ ಕಾದು 2024ರ 6.12ರಲ್ಲಿ ಮುಖ್ಯ ಕರ್ನೆಲ್ ಸೇರಿದಾಗ, ಕೊನೆಯವರೆಗೂ ಬಾಗಿಲಿಗೆ ಅಡ್ಡ ಕೂತಿದ್ದ ವಿಷಯಗಳಲ್ಲಿ ಇದೇ ಪ್ರಿಂಟ್‌ಕೆ ಒಂದು. ಒಂದು ಸಾಲು ಮುದ್ರಿಸುವುದು ಅಷ್ಟು ಸುಲಭವಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಈಗ ಕನ್ಸೋಲಿಗೆ ತನ್ನದೇ ಥ್ರೆಡ್ ಇರಬಹುದು, ನಿಮ್ಮ ಪೋರ್ಟಿನ ಡ್ರೈವರ್ ಹೊಸ ರೀತಿಗೆ ಬದಲಾಗಿದ್ದರೆ. ಆದರೆ ಇದೆಲ್ಲ ಕೂಗುವ, ಬರೆಯುವ ರೀತಿಯ ಸುಧಾರಣೆ. ಒಂದೇ ಸಾಲನ್ನು ಸೆಕೆಂಡಿಗೆ ನೂರು ಸಲ ಬರೆದರೆ 6.12ರ ಪುಸ್ತಕವೂ ತುಂಬುತ್ತದೆ. ಬಫರ್ ದೊಡ್ಡದು ಮಾಡಬಹುದು, ಬೂಟ್ ಸಾಲಿನಲ್ಲೇ ಅದಕ್ಕೆ ದಾರಿಯಿದೆ. ಹದಿನಾರು ಸೆಕೆಂಡ್ ಎರಡು ನಿಮಿಷವಾದೀತು, ಅಷ್ಟೇ.

ಲೆವೆಲ್ ತಪ್ಪಾದರೆ ಇನ್ನೊಂದು ಬಗೆಯ ನಷ್ಟವೂ ಇದೆ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೂರು ದಿನ ಮೈನಸ್ 517 ಎಂಬ ಎರರಿನ ಬೆನ್ನು ಹತ್ತಿದ್ದಳು. ಬೂಟ್ ಆಗುವಾಗ ರೆಗ್ಯುಲೇಟರ್ (ವೋಲ್ಟೇಜ್ ಒದಗಿಸುವ ಭಾಗ) ಸಿಗಲಿಲ್ಲ ಎಂದು ಕೆಂಪು ಸಾಲು. 517 ಎಂದರೆ, ನನಗೆ ಬೇಕಾದವನು ಇನ್ನೂ ಬಂದಿಲ್ಲ, ಆಮೇಲೆ ಮತ್ತೆ ಕರೆಯಿರಿ ಎಂದು ಡ್ರೈವರ್ ಹೇಳುವ ಸಂಖ್ಯೆ. ಕರ್ನೆಲ್ ಆಮೇಲೆ ಕರೆಯುತ್ತದೆ, ಎಲ್ಲ ಸರಿಯಾಗುತ್ತದೆ. ಅವಳ ಬೋರ್ಡಿನಲ್ಲೂ ಎಲ್ಲ ಸರಿಯಾಗಿಯೇ ಓಡುತ್ತಿತ್ತು! ಇದನ್ನು ತಾನಾಗಿ ಡೀಬಗ್‌ಗೆ ಇಳಿಸುವ ಡೆವ್-ಎರರ್-ಪ್ರೋಬ್ ಎಂಬ ಫಂಕ್ಷನ್ ಬಂದು ವರ್ಷಗಳೇ ಆದವು. ಹಳೆಯ ಡ್ರೈವರ್ ನಕಲು ಹೊಡೆದು ಹೊಸದು ಬರೆಯುವವರು ಹಳೆಯ ಕಿರುಚಾಟವನ್ನೂ ನಕಲು ಮಾಡುತ್ತಾರೆ. ಅವಳಿಗೆ ಆ ಡ್ರೈವರನ್ನೇ ತಿದ್ದಿ ಪ್ಯಾಚ್ ಕಳಿಸು ಎಂದೆ. ಕಳಿಸಿದಳು. ಅದರ ಬೆನ್ನಿಗೆ, ಮೆಮೊರಿ ಸಿಗಲಿಲ್ಲ ಎಂದು ಡ್ರೈವರ್ ತಾನೂ ಕೂಗುವ ಐದಾರು ಸಾಲು ತೆಗೆದಳು, ಅದನ್ನು ಕರ್ನೆಲ್ಲೇ ವಿವರವಾಗಿ ಹೇಳುತ್ತದಲ್ಲ ಎಂದು. ಆಮೇಲೆ ಹುರುಪಿನಲ್ಲಿ ಉದ್ದದ ಸಂದೇಶಗಳನ್ನು ಎಂಬತ್ತು ಕಾಲಂಗೆ ಹಿಡಿಸಲು ಎರಡು ತುಂಡು ಮಾಡಿದಳು. ಅದನ್ನು ವಾಪಸ್ ಕಳಿಸಿದೆ. ಸಾಲು ಎಷ್ಟೇ ಉದ್ದವಾಗಲಿ, ಸಂದೇಶವನ್ನು ತುಂಡು ಮಾಡಬಾರದು. ಲಾಗ್‌ನಲ್ಲಿ ಕಂಡದ್ದನ್ನು ಗ್ರೆಪ್ ಮಾಡಿದರೆ, ಅಂದರೆ ಹಾಗೆಯೇ ಹುಡುಕಿದರೆ, ಕೋಡಿನಲ್ಲಿ ಸಿಗಬೇಕು.

ಅಂದಹಾಗೆ, ಡೈರಿ ಯಂತ್ರದವರು ಮೊನ್ನೆ ಹೊಸ ಮಾದರಿಯ ಡ್ರೈವರ್ ಕಳಿಸಿದ್ದರು, ನೋಡಿಕೊಡಿ ಎಂದು. ತೆರೆದು ಮೊದಲು ಎಣಿಸಿದ್ದು ಎರರ್ ಸಾಲುಗಳನ್ನು. ನಲವತ್ತೊಂದಿವೆ. ಹದಿನೇಳಕ್ಕೆ ಗುರುತು ಹಾಕಿದ್ದೇನೆ, ಉಳಿದದ್ದು ನಾಳೆ.