‘ಹಾಲಿನ ಏಣಿ’ ಅಂದರೆ ಏನು?

ಶಿರಸಿಯಲ್ಲಿರುವ ಅಕ್ಕನ ಮಾಣಿಗೆ ಹಾಲಿನ ಅಲರ್ಜಿ. ಐದನೇ ತಿಂಗಳಲ್ಲಿ ಕಕ್ಕದಲ್ಲಿ ರಕ್ತ ಕಂಡಾಗಲೇ ಡಾಕ್ಟರು ಹಾಲು ನಿಲ್ಲಿಸಿದರು. ಎದೆಹಾಲು ಕುಡಿಸುತ್ತಿದ್ದ ಅಕ್ಕನೂ ಹಾಲು, ಮೊಸರು, ತುಪ್ಪ ಎಲ್ಲ ಬಿಟ್ಟಳು. ಕೊಟ್ಟಿಗೆ ಇರುವ ಮನೆ, ತಂಬುಳಿ ಇಲ್ಲದೆ ಮಧ್ಯಾಹ್ನದ ಊಟ ಶುರುವಾಗದ ಮನೆ, ಅಲ್ಲಿ ಇದು ಸಣ್ಣ ಮಾತಲ್ಲ. ಮಾಣಿಗೆ ವರ್ಷ ತುಂಬಿದ ಮೇಲೆ ಡಾಕ್ಟರು, ‘ಇನ್ನು ಮಿಲ್ಕ್ ಲ್ಯಾಡರ್ ಶುರು ಮಾಡೋಣ’ ಅಂದರು. ಅದೇ ಹಾಲಿನ ಏಣಿ, ಮೆಟ್ಟಿಲು ಮೆಟ್ಟಿಲಾಗಿ ಹಾಲನ್ನು ಮತ್ತೆ ಕೊಟ್ಟು ನೋಡುವುದು.

ಏಣಿ ಅಂದ ಕೂಡಲೇ ಮನೆಯವರಿಗೆಲ್ಲ ಅರ್ಥವಾಗಿದ್ದು ಒಂದೇ: ಇವತ್ತು ಒಂದು ಹನಿ ಹಾಲು, ನಾಳೆ ಒಂದು ಚಮಚ, ಮುಂದಿನ ವಾರ ಅರ್ಧ ಲೋಟ. ಅಕ್ಕನ ಅತ್ತೆಯಂತೂ ‘ಒಂದು ಚಮಚ ಮಜ್ಜಿಗೆ ಕೊಡು, ಎಂತೂ ಆಗ್ತಿಲ್ಲೆ’ ಅಂದೇಬಿಟ್ಟರು. ಆದರೆ ಈ ಏಣಿ ಅಳೆಯುವುದು ಬರೀ ಎಷ್ಟು ಹಾಲು ಅಂತ ಅಲ್ಲ. ಹಾಲು ಎಷ್ಟು ಬೆಂದಿದೆ, ಯಾವುದರ ಜೊತೆ ಬೆಂದಿದೆ ಅನ್ನುವುದೇ ಮುಖ್ಯ.

ಅಲರ್ಜಿ ಬರುವುದು ಹಾಲಿನ ಪ್ರೋಟೀನಿಗೆ. (ಹಾಲಿನ ಸಕ್ಕರೆ ಜೀರ್ಣವಾಗದೆ ಹೊಟ್ಟೆ ಉಬ್ಬರಿಸುತ್ತದಲ್ಲ, ಆ ಲ್ಯಾಕ್ಟೋಸ್ ತೊಂದರೆ ಬೇರೆಯೇ.) ಹಾಲಿನಲ್ಲಿ ಮುಖ್ಯವಾಗಿ ಕೇಸಿನ್ ಮತ್ತು ವೇ ಅಂತ ಎರಡು ಬಗೆಯ ಪ್ರೋಟೀನು. ವೇ ಬಿಸಿಗೆ ಬೇಗ ರೂಪ ಕೆಡುತ್ತದೆ, ಕೇಸಿನ್ ಮಾತ್ರ ಹಟಮಾರಿ, ಕುದಿಸಿದರೂ ಜಗ್ಗುವುದಿಲ್ಲ. ಅದೇ ಹಾಲನ್ನು ಗೋಧಿ ಹಿಟ್ಟಿಗೆ ಕಲಸಿ ಓವನ್ನಿನಲ್ಲಿ 180 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಯಿಸಿದರೆ ಪ್ರೋಟೀನು ಹಿಟ್ಟಿನ ಜೊತೆ ಗಂಟು ಬೀಳುತ್ತದೆ, ಎಷ್ಟೋ ಮಕ್ಕಳ ಮೈಗೆ ಆಗ ಅದರ ಗುರುತೇ ಸಿಗುವುದಿಲ್ಲ. ಅದಕ್ಕೇ ಕೆಳಗಿನ ಮೆಟ್ಟಿಲು ಬಿಸ್ಕತ್ತು. 2017ರಲ್ಲಿ ಬಂದ ಐಮ್ಯಾಪ್ ಅನ್ನುವ, ಡಾಕ್ಟರುಗಳ ಮಾರ್ಗಸೂಚಿಯ ಏಣಿಯಲ್ಲಿ ಆರು ಮೆಟ್ಟಿಲು: ಬಿಸ್ಕತ್ತು, ಮಫಿನ್, ಪ್ಯಾನ್‌ಕೇಕ್, ಚೀಸ್, ಮೊಸರು, ಕೊನೆಗೆ ಹಾಲು.

ಈಗ ನಮ್ಮ ಅಡುಗೆಮನೆ ನೋಡಿ. ತಂಬುಳಿಗೆ ಹಾಕುವ ಮಜ್ಜಿಗೆ ಬೇಯುವುದೇ ಇಲ್ಲ, ಹಾಗಾಗಿ ಅತ್ತೆಯ ಆ ಒಂದು ಚಮಚ ಏಣಿಯ ಬುಡವಲ್ಲ, ಹೆಚ್ಚುಕಮ್ಮಿ ತುದಿ. ಪಾಯಸ ಎಷ್ಟೇ ಕುದಿಯಲಿ, ಅಲ್ಲಿ ಗೋಧಿ ಹಿಟ್ಟೂ ಇಲ್ಲ, ಓವನ್ನಿನ ಬಿಸಿಯೂ ಇಲ್ಲ, ಅದೂ ಮೇಲಿನದೇ. ತುಪ್ಪದಲ್ಲಿ ಇರುವುದು ಕೊಬ್ಬು ತಾನೆ ಅಂತಾರೆ, ಅದರಲ್ಲೂ ಸ್ವಲ್ಪ ಪ್ರೋಟೀನು ಉಳಿದಿರಬಹುದು. ಇನ್ನು ‘ನಮ್ಮ ಗಿಡ್ಡ ಆಕಳ ಹಾಲು, ಎ2 ಹಾಲು, ಏನೂ ಆಗಲ್ಲ’, ‘ಆಡಿನ ಹಾಲು ಕೊಡಿ, ಎಮ್ಮೆ ಹಾಲು ಕೊಡಿ’ ಅನ್ನುವ ಸಲಹೆಗಳು. ಇವೆಲ್ಲದರ ಪ್ರೋಟೀನು ಒಂದಕ್ಕೊಂದು ತುಂಬಾ ಹತ್ತಿರದವು. ಇದನ್ನು ಹೇಳಿ ಹೇಳಿ ಅಕ್ಕನಿಗೆ ಸಾಕಾಗಿದೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ಮನೆಯಲ್ಲಿ ಏಣಿ ಹತ್ತಿಸುವುದು ಎಲ್ಲ ಮಕ್ಕಳಿಗೂ ಅಲ್ಲ. ಮಾಣಿಯದು ನಿಧಾನದ ಅಲರ್ಜಿ, ತೊಂದರೆ ಕಾಣಲು ಎಷ್ಟೋ ಗಂಟೆ, ಕೆಲವೊಮ್ಮೆ ಎರಡು ದಿನ ಬೇಕು. ಹಾಲು ತಾಗಿದ ಕೆಲವೇ ನಿಮಿಷದಲ್ಲಿ ಮೈಮೇಲೆ ದದ್ದು ಎದ್ದರೆ, ತುಟಿ ಊದಿದರೆ, ಉಬ್ಬಸ ಬಂದರೆ ಅದು ಬೇರೆ ಬಗೆ. ಗಂಟೆ ಎರಡು ಗಂಟೆ ಬಿಟ್ಟು ವಾಂತಿ ಮೇಲೆ ವಾಂತಿಯಾಗಿ ಮಗು ಬಿಳಿಚಿಕೊಂಡು ಸೋತು ಬೀಳುವುದೂ ಅಷ್ಟೇ ಅಪಾಯ. ಅಂಥ ಮಕ್ಕಳಿಗೆ ಮನೆಯಲ್ಲಿ ಸುಮ್ನೆ ಪ್ರಯೋಗ ಬೇಡ, ಆಸ್ಪತ್ರೆಯಲ್ಲೇ ಆಗಬೇಕು. ಯಾವ ಬಗೆ ಅಂತ ಹೇಳಬೇಕಾದವರು ಡಾಕ್ಟರು, ನಾನಲ್ಲ.

ಅಕ್ಕ ಮೊದಲ ದಿನ ಪ್ಯಾಕೆಟ್ಟಿನ ಹಿಂದೆ ಓದಿ, ಹಾಲಿನ ಪುಡಿ ಇರುವ ಬಿಸ್ಕತ್ತಿನಲ್ಲಿ ಉಗುರಿನಷ್ಟು ಚೂರು ಮುರಿದು ಕೊಟ್ಟಳು. ಅವನು ಅದನ್ನು ನೆಲಕ್ಕೆ ಬೀಳಿಸಿ, ಹೆಕ್ಕಿ, ಮತ್ತೆ ಬಾಯಿಗೆ ಹಾಕಿಕೊಂಡ. ಕೆಲವು ದಿನ ಅಷ್ಟೇ, ಆಮೇಲೆ ಸ್ವಲ್ಪ ಜಾಸ್ತಿ. ಏನಾದರೂ ಕಂಡರೆ ಒಂದು ಮೆಟ್ಟಿಲು ಇಳಿಯಬೇಕು, ಜ್ವರ ಇದ್ದಾಗ ಹತ್ತಬಾರದು. ಈಗ ಎರಡನೇ ಮೆಟ್ಟಿಲು, ನಡುವೆ ಶೀತವಾಗಿ ಒಂದು ವಾರ ನಿಂತಿತ್ತು. ಮೊಸರಿನ ಮೆಟ್ಟಿಲು ಮುಟ್ಟುವವರೆಗೆ ಅವನ ಒಂದೆಲಗದ ತಂಬುಳಿಗೆ ಕಾಯಿಹಾಲು, ಹುಳಿಗೆ ನಾಲ್ಕು ಹನಿ ಲಿಂಬೆ. ಅತ್ತೆಯೇ ಮಾಡುತ್ತಾರೆ.