ಎರಡು ಗುರುವಾರ, ಎರಡು ಎತ್ತಂಗಡಿ

2025ರ ಮೇ 29, ಗುರುವಾರ. ಮಂಗಳೂರು ನಗರ ಪೊಲೀಸ್ ಕಮಿಷನರ್ ಅನುಪಮ್ ಅಗ್ರವಾಲ್ ಮತ್ತು ದಕ್ಷಿಣ ಕನ್ನಡ ಎಸ್‌ಪಿ ಯತೀಶ್ ಎನ್. ಇಬ್ಬರನ್ನೂ ಸರ್ಕಾರ ಒಂದೇ ಏಟಿಗೆ ಬದಲಾಯಿಸಿತು. ಅದಕ್ಕೆ ಎರಡು ದಿನ ಮೊದಲು ಬಂಟ್ವಾಳದ ಕೊಳತ್ತಮಜಲಿನಲ್ಲಿ ಒಬ್ಬ ಯುವಕನ ಕೊಲೆಯಾಗಿತ್ತು. ಮೇ 1ರಂದು ಬಜ್ಪೆಯಲ್ಲಿ ಇನ್ನೊಂದು ಕೊಲೆ. ಏಪ್ರಿಲ್ 27ರಂದು ಕುಡುಪುವಿನಲ್ಲಿ ಗುಂಪು ಹೊಡೆದು ಇನ್ನೊಬ್ಬರ ಜೀವ ತೆಗೆದಿತ್ತು. ಊರು ಸಿಟ್ಟಿನಲ್ಲೂ ಇತ್ತು, ಹೆದರಿಕೆಯಲ್ಲೂ ಇತ್ತು. ಆಡಳಿತ ಪಕ್ಷದ ಅಲ್ಪಸಂಖ್ಯಾತ ಮುಖಂಡರೇ ಬೋಳಾರದ ಶಾದಿ ಮಹಲ್‌ನಲ್ಲಿ ಸೇರಿ ರಾಜೀನಾಮೆಯ ಮಾತಾಡಿದ್ದು ಅದೇ ಗುರುವಾರ. ಅಧಿಕಾರಿಗಳು ಹೋದಾಗ "ಯಾಕೆ ತೆಗೆದಿರಿ" ಎಂದು ಇಲ್ಲಿ ಗಟ್ಟಿಯಾಗಿ ಕೇಳಿದವರು ಕಡಿಮೆ. "ಹೊಸಬರು ಎಷ್ಟು ದಿನಕ್ಕೆ?" ಎಂದು ಕೇಳಿದವರೇ ಜಾಸ್ತಿ.

ಮುಂದಿನ ಗುರುವಾರ, ಜೂನ್ 5. ಹಿಂದಿನ ದಿನ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತಿದ್ದರು. ರಾತ್ರಿಯಾಗುವ ಹೊತ್ತಿಗೆ ನಗರ ಪೊಲೀಸ್ ಕಮಿಷನರ್ ಬಿ. ದಯಾನಂದ ಸೇರಿ ಐವರು ಪೊಲೀಸ್ ಅಧಿಕಾರಿಗಳು ಅಮಾನತಾದರು. ಈ ಸಲ ಜನ ಸುಮ್ಮನಿರಲಿಲ್ಲ. ನಿವೃತ್ತ ಅಧಿಕಾರಿಗಳು ಬಹಿರಂಗವಾಗಿ ಮಾತಾಡಿದರು. ಮೊಬೈಲ್ ತೆರೆದರೆ ದಯಾನಂದ ಅವರ ಪರವಾಗಿ ಸಾಲು ಸಾಲು ಬರಹ. ಮಡಿವಾಳ ಠಾಣೆಯ ಒಬ್ಬ ಹೆಡ್ ಕಾನ್‌ಸ್ಟೆಬಲ್ ಯೂನಿಫಾರ್ಮ್‌ನಲ್ಲೇ ಅಂಬೇಡ್ಕರ್ ಫೋಟೊ ಹಿಡಿದು ರಾಜಭವನದ ಕಡೆ ನಡೆದುಬಿಟ್ಟರು. ಶಿಸ್ತಿನ ಇಲಾಖೆಯಲ್ಲಿ ಇದು ದಿನಾ ಕಾಣುವ ದೃಶ್ಯವಲ್ಲ.

ಒಂದೇ ವಾರದಲ್ಲಿ ಒಂದೇ ಸರ್ಕಾರ ಮಾಡಿದ ಎರಡು ಕೆಲಸ. ಒಂದಕ್ಕೆ ಊರು ತಲೆಯಾಡಿಸಿತು, ಇನ್ನೊಂದಕ್ಕೆ ಊರು ಎದ್ದು ನಿಂತಿತು. ಅಮಾನತು ಮತ್ತು ವರ್ಗಾವಣೆ ಒಂದೇ ಅಲ್ಲ, ನಿಜ. ಅಮಾನತು ಎಂದರೆ ಹೆಸರಿಗೇ ಏಟು. ಆದರೂ ಎರಡಕ್ಕೂ ಬೇರು ಒಂದೇ. ಜನರ ಸಿಟ್ಟು ತಣಿಸಲು ಸರ್ಕಾರದ ಕೈಗೆ ಬೇಗ ಸಿಗುವುದು ಪೊಲೀಸ್ ಅಧಿಕಾರಿಯ ಕುರ್ಚಿ.

ಬೆಂಗಳೂರಿನ ಆ ಪಟ್ಟಿ ನೋಡಿದಾಗ ಮಂಗಳೂರಿಗರಿಗೆ ಒಂದು ಹೆಸರು ತಟ್ಟನೆ ಗುರುತು ಸಿಕ್ಕಿತು. ಹೆಚ್ಚುವರಿ ಕಮಿಷನರ್ ವಿಕಾಸ್ ಕುಮಾರ್ ವಿಕಾಸ್. 2020ರಲ್ಲಿ ಅವರು ಇಲ್ಲಿಯ ಕಮಿಷನರ್ ಆಗಿದ್ದವರು. ದಯಾನಂದ ಅವರ ಜಾಗಕ್ಕೆ ಬಂದ ಸೀಮಂತ್ ಕುಮಾರ್ ಸಿಂಗ್ ಮಂಗಳೂರಿನ ಮೊದಲ ಪೊಲೀಸ್ ಕಮಿಷನರ್. ಹೋದವರೂ ನಮ್ಮಲ್ಲಿದ್ದವರೇ, ಬಂದವರೂ ನಮ್ಮಲ್ಲಿದ್ದವರೇ. ಹಾಗಾಗಿ ಈ ಕುರ್ಚಿಯ ಕಥೆಯನ್ನು ಮಂಗಳೂರು ಕಮಿಷನರ್ ಕಚೇರಿ ಇರುವ ಪಾಂಡೇಶ್ವರದಿಂದಲೇ ಹೇಳಬಹುದು.

2010ಕ್ಕಿಂತ ಮೊದಲು ಇಡೀ ಜಿಲ್ಲೆಗೆ ಒಬ್ಬರೇ ಎಸ್‌ಪಿ. 2008ರ ಚರ್ಚ್ ದಾಳಿ, 2009ರ ಪಬ್ ದಾಳಿ ಆದ ಮೇಲೆ, 2010ರಲ್ಲಿ ನಗರಕ್ಕೆ ಬೇರೆ ಕಮಿಷನರೇಟ್ ಬಂತು. ನಿಷೇಧಾಜ್ಞೆ ಹಾಕುವಂಥ ಮ್ಯಾಜಿಸ್ಟ್ರೇಟ್ ಅಧಿಕಾರ ಎಸ್‌ಪಿಗೆ ಇಲ್ಲ, ಅದು ಜಿಲ್ಲಾಧಿಕಾರಿಯ ಕೈಯಲ್ಲಿರುತ್ತದೆ. ಕಮಿಷನರ್‌ಗೆ ಅದೂ ಇದೆ. ಅಂದರೆ ಊರು ಹೊತ್ತಿಕೊಂಡಾಗ ರಾತ್ರೋರಾತ್ರಿ ತೀರ್ಮಾನ ಮಾಡಬೇಕಾದವರು ಅವರೇ. ಬಜ್ಪೆ, ಸುರತ್ಕಲ್, ಉಳ್ಳಾಲ, ಕೊಣಾಜೆ ಅವರ ಪಾಲು. ಬಂಟ್ವಾಳ, ಪುತ್ತೂರು, ಬೆಳ್ತಂಗಡಿ, ಸುಳ್ಯ ಎಸ್‌ಪಿಯ ಪಾಲು. ಬಜ್ಪೆಯ ಕೊಲೆ ಒಬ್ಬರಿಗೆ, ಕೊಳತ್ತಮಜಲಿನದ್ದು ಇನ್ನೊಬ್ಬರಿಗೆ ಬಂದದ್ದು, ಇಬ್ಬರೂ ಒಟ್ಟಿಗೆ ಹೋದದ್ದು ಹೀಗೆ.

ಈಗ ಈ ಕುರ್ಚಿಯ ಎರಡು ವರ್ಷ ನೋಡೋಣ. 2019ರ ಫೆಬ್ರವರಿಯಲ್ಲಿ ಸಂದೀಪ್ ಪಾಟೀಲ್ ಬಂದರು. ಆಗಸ್ಟ್‌ನಲ್ಲಿ ಪಿ.ಎಸ್. ಹರ್ಷ. 2020ರ ಜೂನ್‌ನಲ್ಲಿ ವಿಕಾಸ್ ಕುಮಾರ್. 2021ರ ಹೊಸ ವರ್ಷಕ್ಕೆ ಎನ್. ಶಶಿಕುಮಾರ್. ಎರಡು ವರ್ಷ ತುಂಬುವ ಮೊದಲೇ ನಾಲ್ವರು. ಆರು ತಿಂಗಳಲ್ಲಿ ಒಬ್ಬ ಅಧಿಕಾರಿ ಈ ಊರಿನ ಬಗ್ಗೆ ಏನು ತಿಳಿದುಕೊಳ್ಳಲು ಸಾಧ್ಯ? ಕಾಟಿಪಳ್ಳದಲ್ಲಿ ಸಣ್ಣ ಜಗಳ ಶುರುವಾದರೆ ಮೊದಲು ಯಾರಿಗೆ ಫೋನ್ ಮಾಡಬೇಕು, ಉಳ್ಳಾಲದಲ್ಲಿ ಯಾರ ಮಾತಿಗೆ ಹುಡುಗರು ಮನೆಗೆ ಹೋಗುತ್ತಾರೆ, ಯಾವ ವಾಟ್ಸ್ಆ್ಯಪ್ ಸುದ್ದಿಗೆ ಊರು ಕೆರಳುತ್ತದೆ. ಇದೆಲ್ಲ ಫೈಲ್‌ನಲ್ಲಿ ಬರೆದಿರುವುದಿಲ್ಲ. ಓಡಾಡಿ, ಶಾಂತಿ ಸಭೆಗಳಲ್ಲಿ ಕೂತು, ಜನರ ಮುಖ ಪರಿಚಯ ಆಗಿ ತಿಳಿಯಬೇಕು. ತಿಳಿಯುವ ಹೊತ್ತಿಗೆ ಆರ್ಡರ್ ಬಂದಿರುತ್ತದೆ.

ಒಮ್ಮೆ ಪಾಸ್‌ಪೋರ್ಟ್ ವಿಚಾರಣೆಗೆಂದು ಠಾಣೆಯೊಂದಕ್ಕೆ ಹೋಗಿದ್ದೆ. ಬೆಂಚಿನಲ್ಲಿ ಕಾಯುತ್ತಾ ಕೂತಾಗ ಇನ್‌ಸ್ಪೆಕ್ಟರ್ ಕುರ್ಚಿಯ ಹಿಂದಿನ ಹಲಗೆ ಕಂಡಿತು. ಎಲ್ಲ ಠಾಣೆಯಲ್ಲೂ ಇರುತ್ತದಲ್ವಾ, ಈ ಹಿಂದೆ ಕೆಲಸ ಮಾಡಿದವರ ಹೆಸರು, ಮುಂದೆ "ಇಂದ", "ವರೆಗೆ" ಎಂದು ಎರಡು ಸಾಲು ತಾರೀಕು. ಮೇಲಿನ ಹಳೇ ಹೆಸರುಗಳ ಮುಂದೆ ಎರಡು ವರ್ಷ, ಮೂರು ವರ್ಷ. ಕೆಳಗೆ ಬಂದ ಹಾಗೆ ಅವಧಿ ಕುಗ್ಗುತ್ತಾ ಹೋಗಿತ್ತು. ಹತ್ತು ತಿಂಗಳು, ಐದು ತಿಂಗಳು, ಒಬ್ಬರದ್ದು ಬರೀ ನಲವತ್ತು ದಿನ. ಹಲಗೆಯಲ್ಲಿ ಜಾಗ ಸಾಲದೆ ಪಕ್ಕದಲ್ಲಿ ಇನ್ನೊಂದು ಹಲಗೆ ಹೊಡೆದಿದ್ದರು. ಅವತ್ತಿನಿಂದ ವರ್ಗಾವಣೆ ಸುದ್ದಿ ಓದುವಾಗೆಲ್ಲ ನನಗೆ ಆ ಎರಡನೇ ಹಲಗೆ ಕಣ್ಣಿಗೆ ಬರುತ್ತದೆ.

ಇದು ಹೀಗಾಗಬಾರದು ಎಂದು ಹೇಳಿದವರು ಇಲ್ಲವೆಂದಲ್ಲ. ಪೊಲೀಸರ ಮೇಲೆ ಸರ್ಕಾರದ ಹಿಡಿತ 1861ರ ಪೊಲೀಸ್ ಕಾಯ್ದೆಯ ಕಾಲದ್ದು. ಬ್ರಿಟಿಷರಿಗೆ ಬೇಕಿದ್ದದ್ದು ಹೇಳಿದ ಮಾತು ಕೇಳುವ ಪಡೆ. ಸ್ವಾತಂತ್ರ್ಯದ ಮೇಲೂ ಆ ಹಿಡಿತ ಸಡಿಲವಾಗಲಿಲ್ಲ. ತುರ್ತು ಪರಿಸ್ಥಿತಿ ಮುಗಿದ ಮೇಲೆ, 1977ರಲ್ಲಿ ಧರ್ಮವೀರ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಪೊಲೀಸ್ ಆಯೋಗ ಬಂತು. 1981ರ ಒಳಗೆ ಎಂಟು ವರದಿ ಕೊಟ್ಟಿತು. ಎಂಟೂ ಕಪಾಟು ಸೇರಿದವು.

1996ರಲ್ಲಿ ನಿವೃತ್ತ ಐಪಿಎಸ್ ಅಧಿಕಾರಿ, ಹಿಂದೆ ಉತ್ತರ ಪ್ರದೇಶದ ಡಿಜಿಪಿ ಅಂದರೆ ರಾಜ್ಯ ಪೊಲೀಸ್ ಮುಖ್ಯಸ್ಥರಾಗಿದ್ದ ಪ್ರಕಾಶ್ ಸಿಂಗ್ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಹತ್ತು ವರ್ಷ ಕಾದ ಮೇಲೆ, 2006ರ ಸೆಪ್ಟೆಂಬರ್ 22ಕ್ಕೆ ತೀರ್ಪು ಬಂತು. ಏಳು ನಿರ್ದೇಶನಗಳು. ನಮ್ಮ ವಿಷಯಕ್ಕೆ ಬೇಕಾದ್ದು ಎರಡು. ಒಂದು, ಡಿಜಿಪಿ, ವಲಯದ ಐಜಿ, ಜಿಲ್ಲೆಯ ಎಸ್‌ಪಿ, ಠಾಣೆಯ ಮುಖ್ಯಸ್ಥ, ಇವರಿಗೆ ಕನಿಷ್ಠ ಎರಡು ವರ್ಷ ಕೊಡಬೇಕು. ಇನ್ನೊಂದು, ಡಿಜಿಪಿ ಮತ್ತು ನಾಲ್ವರು ಹಿರಿಯ ಅಧಿಕಾರಿಗಳ ಪೊಲೀಸ್ ಸಿಬ್ಬಂದಿ ಮಂಡಳಿ ಇರಬೇಕು. ಡಿವೈಎಸ್‌ಪಿ ಮತ್ತು ಅದಕ್ಕಿಂತ ಕೆಳಗಿನವರ ವರ್ಗಾವಣೆ ಮಂಡಳಿಯದ್ದೇ. ಎಸ್‌ಪಿ ಮತ್ತು ಮೇಲಿನವರ ವಿಷಯದಲ್ಲಿ ಅದು ಶಿಫಾರಸು ಮಾಡುತ್ತದೆ. ಕೆಳಹಂತದ ವರ್ಗಾವಣೆಯಲ್ಲಿ ಸರ್ಕಾರ ಕೈ ಹಾಕಬೇಕಾದರೆ ಕಾರಣ ಬರೆದಿಡಬೇಕು.

ಕರ್ನಾಟಕ 2012ರಲ್ಲಿ ತನ್ನ 1963ರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಮಂಡಳಿ ಮಾಡಿತು. ಐಪಿಎಸ್ ಅಧಿಕಾರಿಗಳಿಗೆ 2014ರಲ್ಲಿ ಕೇಂದ್ರದ ಕೇಡರ್ ನಿಯಮವೂ ಬದಲಾಯಿತು. ಒಂದು ಹುದ್ದೆಯಲ್ಲಿ ಕನಿಷ್ಠ ಎರಡು ವರ್ಷ. ಅದಕ್ಕಿಂತ ಮೊದಲು ತೆಗೆಯಬೇಕಾದರೆ ನಾಗರಿಕ ಸೇವಾ ಮಂಡಳಿ ಕಾರಣ ದಾಖಲಿಸಬೇಕು. ಇಷ್ಟಾದ ಮೇಲೂ ಮಂಗಳೂರಿನ ಕುರ್ಚಿ ಎರಡೇ ವರ್ಷದಲ್ಲಿ ನಾಲ್ವರನ್ನು ಕಂಡಿತು. ಕಾಗದದಲ್ಲಿ ಎಲ್ಲವೂ ಇದೆ.

ಕರಾವಳಿಯ ನೆನಪಿಗೆ ಬನ್ನಿ. 2017ರ ಜೂನ್. ಕಲ್ಲಡ್ಕ, ಬಂಟ್ವಾಳದಲ್ಲಿ ಗಲಾಟೆ, ನಿಷೇಧಾಜ್ಞೆ. ಆಗಿನ ಜಿಲ್ಲಾ ಉಸ್ತುವಾರಿ ಸಚಿವ ಬಿ. ರಮಾನಾಥ ರೈ ಅವರು ಎಸ್‌ಪಿ ಭೂಷಣ್ ಗುಲಾಬ್‌ರಾವ್ ಬೊರಸೆ ಅವರನ್ನು ಕೂರಿಸಿಕೊಂಡು ಖಾರವಾಗಿ ಮಾತಾಡಿದ ವಿಡಿಯೊ ಎಲ್ಲ ಕಡೆ ಹರಿದಾಡಿತು. ಸ್ವಲ್ಪ ದಿನದಲ್ಲೇ ಬೊರಸೆ ಅವರ ವರ್ಗಾವಣೆ. ಸಚಿವರ ಸಿಟ್ಟೇ ಕಾರಣ ಎಂದು ಒಂದು ಕಡೆಯವರು, ಗಲಾಟೆ ತಡೆಯದ್ದೇ ಕಾರಣ ಎಂದು ಇನ್ನೊಂದು ಕಡೆಯವರು. ಅವರ ಜಾಗಕ್ಕೆ ಬಂದವರು ಸುಧೀರ್ ಕುಮಾರ್ ರೆಡ್ಡಿ. 2025ರ ಮೇ ಕೊನೆಗೆ ಕಮಿಷನರ್ ಆಗಿ ಬಂದವರೂ ಅವರೇ.

2019ರ ಡಿಸೆಂಬರ್ 19ರಂದು ಪೌರತ್ವ ಕಾಯ್ದೆ ವಿರೋಧದ ಪ್ರತಿಭಟನೆಯ ದಿನ ಮಂಗಳೂರಿನಲ್ಲಿ ಪೊಲೀಸ್ ಗುಂಡಿಗೆ ಇಬ್ಬರು ಸತ್ತರು. ಕಮಿಷನರ್ ಹರ್ಷ ಅವರನ್ನು ತೆಗೆಯಿರಿ ಎಂಬ ಕೂಗು ಜೋರಾಗಿಯೇ ಎದ್ದಿತು. ಆಗ ತೆಗೆಯಲಿಲ್ಲ. ಆರು ತಿಂಗಳ ಮೇಲೆ, ಊರು ಕೊರೊನಾದಲ್ಲಿ ಮುಳುಗಿದ್ದಾಗ, ಅವರು ವಾರ್ತಾ ಇಲಾಖೆಗೆ ಹೋದರು. ಗುಂಡು ಹಾರಿದ್ದು ಸರಿ ಎನ್ನುವವರಿಗೂ ತಪ್ಪು ಎನ್ನುವವರಿಗೂ ಆ ವರ್ಗಾವಣೆಯಿಂದ ಉತ್ತರ ಸಿಗಲಿಲ್ಲ. ಇದು ನನಗೆ ಇವತ್ತಿಗೂ ನೋವಿನ ಮಾತು. ಜನ ಕೇಳಿದ್ದು ಹೊಣೆ ಯಾರದ್ದು ಎಂದು. ಸಿಕ್ಕಿದ್ದು ಒಂದು ಹೊಸ ಹೆಸರು ಮಾತ್ರ.

2023ರ ಸೆಪ್ಟೆಂಬರ್‌ನಲ್ಲಿ ಕಮಿಷನರ್ ಕುಲದೀಪ್ ಕುಮಾರ್ ಜೈನ್ ಅವರ ಸರದಿ. ಫೆಬ್ರವರಿಯಲ್ಲಿ ಬಂದವರು. ಡ್ರಗ್ಸ್ ವಿರುದ್ಧ ಕಾರ್ಯಾಚರಣೆ ಜೋರಾಗಿ ನಡೆಯುತ್ತಿದ್ದಾಗಲೇ ಹೋದರು.

ಜನರ ದನಿಗೆ ಸರ್ಕಾರ ಬಗ್ಗಿದ್ದೂ ಉಂಟು. ಉಡುಪಿ ಜಿಲ್ಲೆಯ ಉಚ್ಚಿಲದವರಾದ ಅನುಪಮಾ ಶೆಣೈ ಬಳ್ಳಾರಿ ಕಡೆಯ ಕೂಡ್ಲಿಗಿಯಲ್ಲಿ ಡಿವೈಎಸ್‌ಪಿ ಆಗಿದ್ದರು. 2016ರ ಜನವರಿಯಲ್ಲಿ ಅವರನ್ನು ಇಂಡಿಗೆ ವರ್ಗ ಮಾಡಿದರು. ಸಚಿವ ಪಿ.ಟಿ. ಪರಮೇಶ್ವರ ನಾಯ್ಕ ಅವರ ಫೋನ್ ಕರೆಯನ್ನು ಹೋಲ್ಡ್‌ನಲ್ಲಿ ಇಟ್ಟದ್ದೇ ತಪ್ಪಾಯಿತು ಎಂಬ ಸುದ್ದಿ ಹರಡಿತು. ಜನ ಬೀದಿಗೆ ಬಂದರು. ಆದೇಶ ವಾಪಸಾಯಿತು, ಅವರು ಕೂಡ್ಲಿಗಿಗೇ ಮರಳಿದರು. ನಮ್ಮೂರ ಕಡೆ ಆಗ ಅವರ ಬಗ್ಗೆ ಎಷ್ಟು ಹೆಮ್ಮೆ! ಆದರೆ ಜೂನ್ ಬರುವಷ್ಟರಲ್ಲಿ ಅವರು ಕೆಲಸಕ್ಕೇ ರಾಜೀನಾಮೆ ಕೊಟ್ಟರು. ಜನರ ಬೆಂಬಲ ಕುರ್ಚಿ ಉಳಿಸಿತು, ಕೆಲಸ ಮಾಡುವ ವಾತಾವರಣ ಉಳಿಸಲಿಲ್ಲ.

ಹಾಗಾದರೆ ಜನರ ಸಿಟ್ಟಿಗೆ, ಪ್ರೀತಿಗೆ ಕಾನೂನಿನಲ್ಲಿ ಬೆಲೆ ಎಷ್ಟು? ಇದಕ್ಕೆ ಉತ್ತರ ಗಡಿಯ ತಲಪಾಡಿ ದಾಟಿದರೆ ಸಿಗುತ್ತದೆ. ಕೇರಳದ ಪೊಲೀಸ್ ಕಾಯ್ದೆಯಲ್ಲಿ ಒಂದು ವಾಕ್ಯವಿದೆ. ಅಧಿಕಾರಿಯ ಬಗ್ಗೆ ಜನರಲ್ಲಿ ಗಂಭೀರ ಅಸಮಾಧಾನ ಇದ್ದರೆ ಅವಧಿಗೆ ಮೊದಲೇ ಬದಲಾಯಿಸಬಹುದು. 2016ರಲ್ಲಿ ಹೊಸ ಸರ್ಕಾರ ಬಂದ ಕೂಡಲೇ ಪೊಲೀಸ್ ಮುಖ್ಯಸ್ಥ ಟಿ.ಪಿ. ಸೆನ್‌ಕುಮಾರ್ ಅವರನ್ನು ತೆಗೆದು ಪೊಲೀಸ್ ವಸತಿ ನಿಗಮಕ್ಕೆ ಕಳಿಸಿತು. ನೂರಕ್ಕೂ ಹೆಚ್ಚು ಜನ ಸತ್ತ ಪುಟ್ಟಿಂಗಲ್ ದೇವಸ್ಥಾನದ ಪಟಾಕಿ ದುರಂತ ಮತ್ತು ಪೆರುಂಬಾವೂರಿನ ವಿದ್ಯಾರ್ಥಿನಿಯ ಕೊಲೆಯ ತನಿಖೆಯಿಂದ ಜನರಿಗೆ ಅಸಮಾಧಾನ ಆಗಿದೆ ಎಂಬುದು ಸರ್ಕಾರದ ವಾದ.

ಸೆನ್‌ಕುಮಾರ್ ಆಡಳಿತ ನ್ಯಾಯಮಂಡಳಿಯಲ್ಲಿ ಸೋತರು, ಹೈಕೋರ್ಟ್‌ನಲ್ಲೂ ಸೋತರು. ಬಿಡಲಿಲ್ಲ. 2017ರ ಏಪ್ರಿಲ್ 24ಕ್ಕೆ ಸುಪ್ರೀಂ ಕೋರ್ಟ್ ಅವರನ್ನು ಮತ್ತೆ ಅದೇ ಕುರ್ಚಿಯಲ್ಲಿ ಕೂರಿಸಲು ಹೇಳಿತು. ಜನರ ಅಸಮಾಧಾನ ಕಾರಣ ಆಗಬಹುದು, ಆದರೆ ಅದು ಪರಿಶೀಲಿಸಿ ನೋಡಬಹುದಾದ ಆಧಾರದ ಮೇಲೆ ನಿಲ್ಲಬೇಕು ಎಂಬುದು ಕೋರ್ಟಿನ ನಿಲುವು. ಸರ್ಕಾರಕ್ಕೆ ಹಾಗೆ ಅನ್ನಿಸಿತು ಎಂದರೆ ಸಾಲದು. ತೀರ್ಪು ಬರುವ ಹೊತ್ತಿಗೆ ಅವರ ಸೇವೆ ಉಳಿದಿದ್ದದ್ದು ಎರಡು ತಿಂಗಳು ಚಿಲ್ಲರೆ. ಆದರೂ ಸಣ್ಣ ಗೆಲುವಲ್ಲ.

ಇದೇ ಮಾತು ಬೆಂಗಳೂರಿನ ಅಮಾನತಿನಲ್ಲೂ ಬಂತು. ವಿಕಾಸ್ ಕುಮಾರ್ ಕೇಂದ್ರ ಆಡಳಿತ ನ್ಯಾಯಮಂಡಳಿಗೆ ಹೋದರು. ಜುಲೈ 1ರಂದು ನ್ಯಾಯಮಂಡಳಿ ಅಮಾನತನ್ನು ರದ್ದು ಮಾಡಿತು. ಸಾಕಷ್ಟು ಆಧಾರವಿಲ್ಲದೆ ಆದೇಶ ಹೊರಡಿಸಲಾಗಿದೆ ಎಂದಿತು. ಪೊಲೀಸರೂ ಮನುಷ್ಯರೇ, ಅವರ ಹತ್ತಿರ ಅಲ್ಲಾವುದ್ದೀನನ ದೀಪ ಇಲ್ಲ ಎಂಬ ಮಾತೂ ಆ ಆದೇಶದಲ್ಲಿತ್ತು. ಸರ್ಕಾರ ಹೈಕೋರ್ಟ್‌ಗೆ ಹೋಯಿತು. ಅಲ್ಲಿ ತೀರ್ಮಾನ ಆಗುವ ಮೊದಲೇ, ಜುಲೈ 28ಕ್ಕೆ, ತಾನೇ ಅಮಾನತು ಹಿಂದಕ್ಕೆ ತೆಗೆದುಕೊಂಡಿತು.

ದಯಾನಂದ ಅವರ ಪರ ಮಾತಾಡಿದ ಜನರ ದನಿ ನನಗೆ ಇಷ್ಟವಾಯಿತು. ಆದರೆ ಒಂದು ಆತಂಕವೂ ಇದೆ. ನಾವು ಅಧಿಕಾರಿಯ ಮುಖ ನೋಡಿ ಮಾತಾಡುತ್ತಿದ್ದೇವೆ. ಬೇಕಾದವರು ಹೋದರೆ ಅನ್ಯಾಯ, ಬೇಡದವರು ಹೋದರೆ ಸರಿಯಾಯಿತು. ಅದರಲ್ಲೂ ನಮ್ಮ ಕರಾವಳಿಯಲ್ಲಿ "ಬೇಕಾದವರು" ಯಾರು ಎಂಬುದು ಯಾವ ಬೀದಿಯಲ್ಲಿ ನಿಂತು ಕೇಳುತ್ತೀರಿ ಎಂಬುದರ ಮೇಲೆ ಹೋಗುತ್ತದೆ. ತಪ್ಪು ಮಾಡಿದ ಅಧಿಕಾರಿಯನ್ನು ತೆಗೆಯಲೇಬೇಕು. ಆದರೆ ಏನು ತಪ್ಪು ಎಂದು ಬರೆದು ತೆಗೆಯಲಿ. ವರ್ಗಾವಣೆ ಪಟ್ಟಿಯಲ್ಲಿ ಇರುವುದು ಹೆಸರು, ಹಳೇ ಹುದ್ದೆ, ಹೊಸ ಹುದ್ದೆ, "ತಕ್ಷಣದಿಂದ ಜಾರಿಗೆ ಬರುವಂತೆ, ಮುಂದಿನ ಆದೇಶದವರೆಗೆ" ಎಂಬ ಒಂದು ಸಾಲು. ಕೆಲವರಿಗೆ ಹೊಸ ಹುದ್ದೆಯನ್ನೂ ತೋರಿಸಿರುವುದಿಲ್ಲ. ಕಾರಣ ಎಂಬ ಕಾಲಂ ಇಲ್ಲವೇ ಇಲ್ಲ.

ಅಗ್ರವಾಲ್ ಅವರು 2023ರ ಸೆಪ್ಟೆಂಬರ್‌ನಲ್ಲಿ ಬಂದವರು. 2025ರ ಮೇ ಎಂದರೆ ಎರಡು ವರ್ಷ ಆಗಿರಲಿಲ್ಲ. ಯತೀಶ್ ಅವರಿಗೆ ಒಂದು ವರ್ಷವೂ ತುಂಬಿರಲಿಲ್ಲ. ನಿಯಮದ ಪ್ರಕಾರ ಎಲ್ಲೋ ಒಂದು ಕಡತದಲ್ಲಿ ಕಾರಣ ಬರೆದಿರಬೇಕು. ಅದನ್ನು ಕೇಳಲು ದಾರಿ ಇದೆ. ಮಾಹಿತಿ ಹಕ್ಕು ಕಾಯ್ದೆಯ ಅರ್ಜಿಗೆ ಹತ್ತು ರೂಪಾಯಿ ಶುಲ್ಕ. ಕರ್ನಾಟಕದಲ್ಲಿ 150 ಪದದೊಳಗೆ ಬರೆಯಬೇಕು. ಐಪಿಎಸ್ ವರ್ಗಾವಣೆಗಳನ್ನು ನೋಡಿಕೊಳ್ಳುವುದು ವಿಧಾನಸೌಧದ ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ. ನಾಗರಿಕ ಸೇವಾ ಮಂಡಳಿಯ ಸಭೆ ಯಾವತ್ತು ನಡೆಯಿತು, ಇಬ್ಬರನ್ನೂ ಅವಧಿಗೆ ಮೊದಲು ತೆಗೆಯಲು ಯಾವ ಕಾರಣ ದಾಖಲಾಗಿದೆ, ಅದರ ನಕಲು ಕೊಡಿ. ಇಷ್ಟು ಬರೆದರೆ ಸಾಕು, ನೂರು ಪದವೂ ಬೇಡ. ಉತ್ತರ ಕೊಡಲು ಅವರಿಗೆ 30 ದಿನ.